ಮಗ್ಗುಲು ಬದಲಿಸುವವಳ ಐದು ದಿನ

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ, ನನ್ನ ಬಾಗಿಲಿಗೆ ಎದುರು ಬಾಗಿಲಿನ ಮನೆಯವಳನ್ನು ಎಲ್ಲರೂ ಗಡಿಯಾರ ಎನ್ನುತ್ತಾರೆ. ಹಾಗೆ ಕರೆಯಲು ಶುರು ಮಾಡಿದವನು ಅವಳ ಗಂಡನೇ. ಅವನು ಪೇಂಟರ್. ಎಂಟು ವರ್ಷದ ಹಿಂದೆ ಒಂದು ಮನೆಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಕಟ್ಟಿದ್ದ ಅಟ್ಟಣೆ ಜಾರಿ ಕೆಳಗೆ ಬಿದ್ದ. ಜೀವ ಉಳಿಯಿತು. ಎದೆಯಿಂದ ಕೆಳಗೆ ಮಾತ್ರ ಏನೂ ಉಳಿಯಲಿಲ್ಲ, ಚಿವುಟಿದರೂ ತಿಳಿಯುವುದಿಲ್ಲ.

ಅಂಥವರು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದುಕೊಂಡರೆ ಅಡಿಗೆ ಸಿಕ್ಕಿದ ಚರ್ಮ ಸತ್ತು ಹುಣ್ಣಾಗುತ್ತದೆ, ಆ ಹುಣ್ಣು ಮೂಳೆಯವರೆಗೂ ಇಳಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಂದಿನಿಂದ ಎರಡು ಗಂಟೆಗೊಮ್ಮೆ, ಹಗಲೆನ್ನದೆ ರಾತ್ರಿಯೆನ್ನದೆ ಅವಳು ಅವನನ್ನು ಹೊರಳಿಸುತ್ತಾಳೆ. ಎಡ, ಬೆನ್ನು, ಬಲ. ಅವನ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಹಾಸು ಸದಾ ಇರುತ್ತದೆ. ಅವನ ಮಂಡಿ ಮಡಿಸಿ, ಹಾಸಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ತನ್ನ ಮೈಯನ್ನು ಹಿಂದಕ್ಕೆ ವಾಲಿಸುತ್ತಾಳೆ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ತಿರುಗುತ್ತಾನೆ. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು. ಆಮೇಲೆ ಸೊಂಟದ ಮೂಳೆ, ಹಿಮ್ಮಡಿ ಎಲ್ಲವನ್ನೂ ಬೆರಳಿನಿಂದ ಒತ್ತಿ ನೋಡುತ್ತಾಳೆ. ಕೆಂಪಗಾದ ಕಡೆ ಒತ್ತಿದಾಗ ಬಿಳಿಚಿಕೊಂಡರೆ ಭಯವಿಲ್ಲ. ಬಿಳಿಚಿಕೊಳ್ಳದೆ ಕೆಂಪಗೇ ಇದ್ದರೆ ಕೆಟ್ಟಿತು ಎಂದೇ ಲೆಕ್ಕ. ಮಂಚದ ತಲೆಗಡೆ ಒಂದು ಹಾಳೆ ತೂಗುತ್ತದೆ. ಹೊರಳಿಸಿದಾಗಲೆಲ್ಲ ಅದರಲ್ಲಿ ಒಂದು ಗೀಟು. ಎರಡು ಗೀಟುಗಳ ನಡುವಿನ ಹೊತ್ತಿನಲ್ಲಿ ಅವಳು ದರ್ಜಿ ಅಂಗಡಿಗೆ ಕಾಲರ್ ಹೊಲಿದುಕೊಡುತ್ತಾಳೆ. ಎಂಟು ವರ್ಷದಲ್ಲಿ ಅವನ ಮೈಯಲ್ಲಿ ಒಂದೂ ಹುಣ್ಣಾಗಿರಲಿಲ್ಲ.

ಆದರೆ ಅವಳೇ ಸವೆದುಹೋಗಿದ್ದಳು. ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಒಂದು ದಿನ ಹೊಲಿಗೆ ಯಂತ್ರದ ಸೂಜಿ ಬೆರಳಿನಲ್ಲಿ ಇಳಿದು ಮುರಿಯಿತು, ಅದೂ ಅವಳಿಗೆ ತಡವಾಗಿ ತಿಳಿಯಿತಂತೆ. ಚಿಕಿತ್ಸಾಲಯದಲ್ಲಿ ಆ ಬೆರಳಿಗೆ ಪಟ್ಟಿ ಕಟ್ಟಿದ ಸಿಸ್ಟರ್ ಅವಳನ್ನು ಬಿಡಲಿಲ್ಲ. ಊರಾಚೆ ಒಂದು ಮನೆ ಇದೆಯಂತೆ. ಕಾಯಿಲೆಯವರನ್ನು ನೋಡಿಕೊಳ್ಳುವವರು ಬಂದು ಐದು ದಿನ ಇರುವುದಕ್ಕೆಂದೇ ಮೂವರು ಹೆಂಗಸರು ನಡೆಸುತ್ತಾರಂತೆ. ಮಾತಿಲ್ಲ. ಫೋನನ್ನು ಬಾಗಿಲಲ್ಲೇ ಕಪಾಟಿನೊಳಗೆ ಇಡಬೇಕು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಕಣ್ಣು ಮುಚ್ಚಿ ಕೂರುತ್ತಾರೆ. ಅವರವರ ದೇವರು ಅವರವರಿಗೆ, ದೇವರಿಲ್ಲದವರಿಗೆ ಅವರ ಪಾಡು. ಹೋಗದಿದ್ದರೆ ಇನ್ನಾರು ತಿಂಗಳಿಗೆ ಗಂಡನ ಪಕ್ಕದಲ್ಲಿ ನಿನಗೂ ಒಂದು ಮಂಚ ಹಾಕಬೇಕಾಗುತ್ತೆ ಎಂದು ಸಿಸ್ಟರ್ ಗದರಿಸಿ ಕಳಿಸಿದರು.

ಅವಳು ಒಪ್ಪಲಿಲ್ಲ. ಒಪ್ಪಿಸಿದವನು ಪೇಂಟರನೇ.

"ಹೋಗೇ. ಎಂಟು ವರ್ಷದಿಂದ ನಿನ್ನ ಮುಖಾನೇ ನೋಡಿ ನೋಡಿ ನಂಗೂ ಸಾಕಾಗಿದೆ. ಐದು ದಿನ ದೊಡ್ಡಮ್ಮನ ಮುಖ ನೋಡ್ತೀನಿ," ಎಂದು ನನ್ನ ಕಡೆ ಕೈ ತೋರಿಸಿದ. ಅವರಿಬ್ಬರೂ ನನ್ನನ್ನು ದೊಡ್ಡಮ್ಮ ಎಂದೇ ಕರೆಯುವುದು.

"ಅವರ ಕೈಲಿ ನಿಮ್ಮನ್ನ ಹೊರಳಿಸಕ್ಕಾಗತ್ತೇನ್ರೀ?"

"ಅಕ್ಕ ಬರ್ತಾಳೆ. ಅವಳು ಚಿಕ್ಕೋಳಿದ್ದಾಗ ನನ್ನ ಎತ್ತಿ ಎತ್ತಿ ಕುಕ್ಕಿದ್ದಾಳೆ. ಅಭ್ಯಾಸ ಇದೆ."

ಅವನ ಅಕ್ಕ ಬಂದಳು. ಗಟ್ಟಿ ಹೆಂಗಸು. ಗಡಿಯಾರ ಎರಡು ದಿನ ನಮ್ಮಿಬ್ಬರಿಗೂ ಹಾಸು ಹಿಡಿಯುವುದನ್ನು ಕಲಿಸಿದಳು. ಗೀಟು ತಪ್ಪಬಾರದು, ಅದೊಂದೇ ನಾನು ಕೇಳೋದು ಎಂದು ಹೊರಡುವಾಗಲೂ ಹೇಳಿದಳು. ಮೆಟ್ಟಿಲಿಳಿಯುವಾಗ ಎರಡು ಸಲ ತಿರುಗಿ ಬಂದಳು.

ಮೊದಲ ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಬೆಳಗ್ಗೆ ಹಾಸು ಎಳೆಯುವಾಗ ಅಕ್ಕನ ಸೊಂಟ ಹಿಡಿದುಕೊಂಡಿತು. ನೆಲದ ಮೇಲೆ ಮಲಗಿದವಳು ಏಳಲಾರದೆ ಹೋದಳು. ಕೊನೆಗೆ ಅವಳ ಮಗ ಬಂದು ಕರೆದುಕೊಂಡು ಹೋದ. ಉಳಿದವಳು ನಾನೊಬ್ಬಳು. ನನ್ನ ಮಣಿಕಟ್ಟು ತುಂಬಿದ ಬಿಂದಿಗೆಯನ್ನೇ ಎತ್ತಲಾರದು. ಹಾಸು ಹಿಡಿದು ಹಿಂದಕ್ಕೆ ವಾಲಿದೆ, ಅವನು ಅಲುಗಲಿಲ್ಲ. ಮೂರು ಸಲ ಹಾಗೇ ಮಾಡಿದೆ. ಕೆಳಗಿನ ಇಸ್ತ್ರಿಯವನನ್ನು ಕರೆದೆ. ಒಳ್ಳೆಯವನು, ಬಂದ. ಆದರೆ ಅವನಿಗೆ ಅವನ ಕೆಲಸ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಅಂಗಡಿ ಮುಚ್ಚಿದ ಮೇಲೆ ಒಮ್ಮೆ ಬರುತ್ತಿದ್ದ.

ಅವಳಿಗೆ ಹೇಳಿ ಕಳಿಸೋಣ ಎಂದೆ. ಆ ಮನೆಯ ಹೆಂಗಸರ ನಂಬರು ಗೋಡೆಯ ಮೇಲೇ ಇತ್ತು.

ಪೇಂಟರ್ ಮೊದಲು ತಮಾಷೆ ಮಾಡಿದ. ಮಗ್ಗುಲು ಯಾವುದಾದರೇನು ದೊಡ್ಡಮ್ಮ, ನಂಗೇನೂ ಗೊತ್ತಾಗಲ್ಲವಲ್ಲ ಎಂದ. ನಾನು ನಗದಿರುವುದನ್ನು ನೋಡಿ ನನ್ನ ಕೈ ಹಿಡಿದುಕೊಂಡ. ಅವನ ಹಿಡಿತಕ್ಕೆ ಬಲವಿದೆ, ಆದರೆ ಎದೆಯಿಂದ ಕೆಳಗಿನ ಭಾರವನ್ನು ಆ ಕೈ ಹೊರಳಿಸಲಾರದು.

"ಬೇಡ ದೊಡ್ಡಮ್ಮ. ನಾನು ಅವಳಿಗೆ ಏನೂ ಕೊಟ್ಟಿಲ್ಲ. ಈ ಐದು ದಿನ ಕೊಡ್ತೀನಿ. ನಿಮ್ಮ ಕಾಲಿಗೆ ಬೀಳ್ತಿದ್ದೆ, ಬೀಳಕ್ಕೂ ಆಗಲ್ಲ."

ನಾನು ಫೋನ್ ಮಾಡಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ. ಹಾಳೆಯಲ್ಲಿ ಗೀಟು ತಪ್ಪಿದ್ದರೆ ಅವಳು ಬಂದ ಮೇಲೆ ನೊಂದುಕೊಳ್ಳುತ್ತಾಳೆ, ಎಳೆದುಬಿಡಿ ಎಂದ. ಎರಡು ಗಂಟೆಗೊಮ್ಮೆ ನಾನು ಎದ್ದು ಹೋಗಿ, ಹೊರಳಿಸದ ಮನುಷ್ಯನ ತಲೆಗಡೆಯ ಹಾಳೆಯಲ್ಲಿ ಗೀಟು ಎಳೆದೆ. ನಾಲ್ಕನೆಯ ದಿನ ಮಧ್ಯಾಹ್ನ ಇಸ್ತ್ರಿಯವನು ಎಲ್ಲಿಗೋ ಬಟ್ಟೆ ಕೊಡಲು ಹೋದವನು ಅಂಗಡಿ ಮುಚ್ಚುವ ಹೊತ್ತಿನವರೆಗೂ ಬರಲಿಲ್ಲ. ಪೇಂಟರ್ ಬಲಮಗ್ಗುಲಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ಬೆಳಗ್ಗೆಯಿಂದ ಹನ್ನೆರಡು ಗಂಟೆ ಹೊತ್ತು ಬಿದ್ದಿದ್ದ. ಬೀದಿಯಲ್ಲಿ ಹೋಗುವವರ ನಡಿಗೆಯನ್ನೆಲ್ಲ ನನಗೆ ಬಣ್ಣಿಸುತ್ತಲೇ ಇದ್ದ. ನಾನು ಹೂಂ ಹೂಂ ಎನ್ನುತ್ತ ಅವನ ಸೊಂಟದ ಅಡಿಗೆ ಕೈ ತೂರಿಸಿ ಕೂತಿದ್ದೆ. ಒಂದು ಕೈ ಎಷ್ಟು ಹೊತ್ತು ತಡೆದೀತು?

ಐದನೆಯ ದಿನ ಹತ್ತು ಗಂಟೆಗೆ ಅವಳು ಬಂದಳು. ಮುಖ ತಿಳಿಯಾಗಿತ್ತು. ಇದ್ದಿದ್ದು ನಾಲ್ಕು ರಾತ್ರಿ, ಆದರೂ ಅವಳ ಕಣ್ಣಿನ ಕೆಳಗಿನ ಕಪ್ಪು ಒಂದಿಷ್ಟು ಇಳಿದಿತ್ತು. ಚೀಲ ಇಟ್ಟವಳೇ ಹಾಳೆ ನೋಡಿದಳು. ಎಲ್ಲಾ ಗೀಟು ಸರಿಯಾಗಿತ್ತು. ನನ್ನ ಕಡೆ ತಿರುಗಿ ನಕ್ಕಳು. ಆ ನಗು ನನಗೆ ಬೇಡವಾಗಿತ್ತು. ಅಕ್ಕ ಎಲ್ಲಿ ಎಂದು ಕೇಳುತ್ತಲೇ ಅವನನ್ನು ಎಡಕ್ಕೆ ಹೊರಳಿಸಿದಳು. ಬಲಸೊಂಟದ ಮೂಳೆಯ ಮೇಲೆ ಅಂಗೈಯಗಲ ಕೆಂಪಾಗಿತ್ತು, ನಡುವೆ ಒಂದು ಬೊಬ್ಬೆ. ಬೆರಳಿಟ್ಟು ಒತ್ತಿದಳು. ಬಿಳಿಚಿಕೊಳ್ಳಲಿಲ್ಲ. ಮತ್ತೆ ಒತ್ತಿದಳು.

ಅವಳು ಹಾಳೆಯನ್ನು ಇನ್ನೊಂದು ಸಲ ನೋಡಿದಳು. ನನ್ನನ್ನು ನೋಡಲಿಲ್ಲ.

ಎಲ್ಲವನ್ನೂ ಹೇಳಿದೆ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬಿಸಿನೀರು ಕಾಯಿಸಲು ಒಳಗೆ ಹೋದಳು.

ಊರಾಚೆಯ ಆ ಮನೆಯಲ್ಲಿ ಏನಾಯಿತೆಂದು ಅವಳು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಕಾಲರಿಗೆ ದಾರ ಕತ್ತರಿಸುತ್ತ. ಮೊದಲ ದಿನ ನಿದ್ದೆಯೇ ಇಲ್ಲ. ಎರಡು ಗಂಟೆಗೊಮ್ಮೆ ಮೈ ತಾನಾಗಿ ಎದ್ದು ನಿಲ್ಲುತ್ತಿತ್ತಂತೆ. ಎರಡನೆಯ ದಿನ ಎಲ್ಲರ ಜೊತೆ ಕಣ್ಣು ಮುಚ್ಚಿ ಕೂತಾಗ ಅಳು ಬಂತಂತೆ.

"ನನ್ನ ಉಸಿರು ನಂಗೆ ಕೇಳಿಸ್ತು ದೊಡ್ಡಮ್ಮ. ಇಷ್ಟು ವರ್ಷ ಬರೀ ಅವರದ್ದೇ ಕೇಳ್ತಿದ್ದೆ."

ಮೂರನೆಯ ದಿನ ಊಟವಾದ ಮೇಲೆ ಎಲ್ಲರೂ ಮಲಗಿದ್ದರು. ಇವಳಿಗೆ ಮಂಪರು ಹತ್ತಿತ್ತು. ಎದ್ದವಳೇ ಪಕ್ಕದ ಮಂಚದ ಹೆಂಗಸಿನ ಮಂಡಿ ಮಡಿಸಿ, ಹೊದಿಕೆಯ ಅಂಚು ಹಿಡಿದು, ಅವಳನ್ನು ಎಡಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟುಬಿಟ್ಟಳು. ಹಿಮ್ಮಡಿ ಒತ್ತಿ ನೋಡುವಾಗ, ಅದು ಬೆಳ್ಳಿಯ ಕಾಲುಂಗುರ ತೊಟ್ಟ ಯಾರದೋ ಕಾಲು ಎಂದು ಎಚ್ಚರವಾಯಿತು. ಆ ಹೆಂಗಸು ಶಾಲೆಯ ಟೀಚರಂತೆ, ನೆನಪು ಕಳೆದುಕೊಂಡ ತಾಯಿಯನ್ನು ನೋಡಿಕೊಳ್ಳುವವಳು. ಕಣ್ಣು ಬಿಟ್ಟು ನೋಡುತ್ತಲೇ ಇದ್ದಳು. ಮಾತಾಡುವಂತಿರಲಿಲ್ಲವಲ್ಲ. ಇವಳು ಕೈ ಮುಗಿದಳು. ಆ ಟೀಚರಮ್ಮ ಮಗ್ಗುಲು ಬದಲಿಸದೆ, ದಿಂಬನ್ನು ತೆಗೆಯದೆ, ಹಾಗೇ ಕಣ್ಣು ಮುಚ್ಚಿಕೊಂಡಳಂತೆ. ನನ್ನನ್ನ ಯಾರಾದ್ರೂ ಹಿಂಗೆ ಮುಟ್ಟಿ ಎಷ್ಟು ಕಾಲ ಆಗಿತ್ತೋ ಅಂತ ಕೊನೇ ದಿನ ಮಾತು ಬಿಟ್ಟಾಗ ಹೇಳಿದಳಂತೆ.

"ಅವತ್ತಿನ ಮಾರನೇ ದಿನ ಮಧ್ಯಾಹ್ನ ಮಲಗಿದೆ ನೋಡಿ, ಸಂಜೆವರೆಗೂ ಎಚ್ಚರ ಇಲ್ಲ. ಎಂಟು ವರ್ಷದ ಮೇಲೆ ಅಷ್ಟು ನಿದ್ದೆ."

ಮಾರನೇ ದಿನ ಎಂದರೆ ನಾಲ್ಕನೆಯ ದಿನ. ನಾನು ಅವನ ಸೊಂಟದಡಿ ಕೈಯಿಟ್ಟು ಕೂತಿದ್ದ ಮಧ್ಯಾಹ್ನ. ಅವಳೂ ಲೆಕ್ಕ ಹಾಕಿರುತ್ತಾಳೆ. ಇನ್ನೊಂದು ಕಾಲರ್ ಎತ್ತಿಕೊಂಡಳು.

ಹುಣ್ಣು ಆರಲು ನಾಲ್ಕು ತಿಂಗಳು ಹಿಡಿಯಿತು. ಬಲಮಗ್ಗುಲು ಇಲ್ಲವಾದ್ದರಿಂದ ಅಷ್ಟೂ ದಿನ ಎರಡು ಗಂಟೆ ಹೋಗಿ ಒಂದೂವರೆ ಗಂಟೆಗೊಮ್ಮೆ ಎದ್ದಳು. ಸಿಸ್ಟರ್ ಮತ್ತೆ ಹೋಗೆಂದು ಹೇಳಿದರು. ಹೂಂ ಎಂದಳು. ಹೋಗುವುದಿಲ್ಲ ಎಂದು ಸಿಸ್ಟರಿಗೂ ಗೊತ್ತಿತ್ತು.

ಪೇಂಟರನಿಗೆ ತಡೆಯಲಾಗಲಿಲ್ಲ. ಆ ಮನೆಗೆ ನೀನು ಹೋಗದಿದ್ದರೆ ಆ ಮನೆಯನ್ನೇ ಇಲ್ಲಿಗೆ ತರ್ತೀನಿ ಎಂದು ಹಟ ಹಿಡಿದ. ದಿನಾ ಮಧ್ಯಾಹ್ನ ಒಂದು ಗಂಟೆ ಹೊತ್ತು ತಾನು ಮಾತಾಡುವುದಿಲ್ಲ, ಅವಳು ಕಣ್ಣು ಮುಚ್ಚಿ ಕೂರಬೇಕು. ಕೊಡಲು ಅವನ ಬಳಿ ಇನ್ನೇನಿತ್ತು. ಮೊದಲ ದಿನ ನಾನೂ ಇದ್ದೆ. ಅವಳು ಗೋಡೆಗೆ ಒರಗಿ ಕೂತಳು. ಅವನು ತುಟಿ ಬಿಗಿಹಿಡಿದು ಸೂರು ನೋಡುತ್ತ ಮಲಗಿದ. ಐದು ನಿಮಿಷವಾಗಿರಬಹುದು. ಅವಳು ಎದ್ದು ಹೋಗಿ ಅವನ ಮೂಗಿನ ಬಳಿ ಬೆರಳು ಹಿಡಿದು ನೋಡಿ ಬಂದು ಕೂತಳು. ಇನ್ನೈದು ನಿಮಿಷ. ಮತ್ತೆ ಎದ್ದಳು. ಮೂರನೆಯ ಸಲ ಎದ್ದಾಗ ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಏನಾದ್ರೂ ಮಾತಾಡ್ರೀ. ನೀವು ಸುಮ್ನಿದ್ರೆ ನಂಗೆ ಕಣ್ಣು ಮುಚ್ಚಕ್ಕಾಗಲ್ಲ," ಎಂದಳು.

ಅವನು ಗಂಟಲು ಸರಿಮಾಡಿಕೊಂಡು ಪೇಪರ್ ತೆಗೆದು, ಬಸ್ಸಿನ ವೇಳೆ ಬದಲಾದ ಸುದ್ದಿಯನ್ನು ಗಟ್ಟಿಯಾಗಿ ಓದತೊಡಗಿದ. ಅವಳ ತಲೆ ನಿಧಾನಕ್ಕೆ ಗೋಡೆಗೆ ವಾಲಿತು. ನಿದ್ದೆಯೋ, ಬರೀ ಕಣ್ಣು ಮುಚ್ಚಿದ್ದೋ ನನಗೆ ತಿಳಿಯಲಿಲ್ಲ. ಅವನು ಓದುವುದನ್ನು ನಿಲ್ಲಿಸಲಿಲ್ಲ. ಓದಿದ ಸುದ್ದಿಯನ್ನೇ ಎರಡನೆಯ ಸಲ ಓದುತ್ತಿದ್ದ.