ಮಿದುಳಿಗೆ ಟಿಕೆಟ್ ಪಡೆದವರು

ಕಳೆದ ವಾರ ರಕ್ತಪರೀಕ್ಷೆಗೆ ಹೋದಾಗ ಕೌಂಟರಿನ ಹುಡುಗಿ ಕೈಗೊಂದು ಪುಟ್ಟ ನಂಬರ್ ಚೀಟಿ ಕೊಟ್ಟಳು. ನೋಡಿ ನಗು ಬಂತು. ಶಿರಸಿ–ಯಲ್ಲಾಪುರ ಬಸ್ಸಿನ ನಮ್ಮ ಕಂಡಕ್ಟರ್ ಸಾಹೇಬರ ಮಿದುಳಿನ ಮೇಲೂ ಒಮ್ಮೆ ಇಂಥದೇ ಚೀಟಿ ಕೂತಿತ್ತು…

ಅರವತ್ತರ ದಶಕದ ಆರಂಭ. ನಾನು ಮಂಚಿಕೇರಿ ಶಾಲೆಗೆ ಹೊಸದಾಗಿ ಸೇರಿದ ಅಕ್ಕೋರು. ಶಿರಸಿಯಿಂದ ದಿನಾ ಅವರದೇ ಬಸ್ಸು. ಸಾಹೇಬರು "ಭೈರುಂಬೆ" ಎಂದು ಕೂಗಿದರೆ ದೂರದ ಗದ್ದೆಯವರೂ ತಲೆ ಎತ್ತುತ್ತಿದ್ದರು. ಆ ದನಿಯೇ ಅವರ ಅನ್ನ, ಜಂಬವೂ ಅದೇ. ಅಂಥವರಿಗೆ ಫಿಟ್ಸ್ ಶುರುವಾಯಿತು. ಒಮ್ಮೆ ಟಿಕೆಟ್ ಹರಿಯುತ್ತಲೇ ನನ್ನ ಕಾಲ ಬಳಿ ಬಿದ್ದರು. ಮಿದುಳಲ್ಲಿ ಗಂಟಿದೆ, ಮಾತಿನ ಜಾಗದ ಹತ್ತಿರವೇ ಇದೆ ಎಂದರಂತೆ ಮದ್ರಾಸಿನ ಡಾಕ್ಟರು. ಆಪರೇಷನ್ನಿಗೆ ಹೊರಡುವ ಮುನ್ನ ಸಾಹೇಬರು ಆ ಡಾಕ್ಟರಿಗೆ ನನ್ನಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿದರು.

"ಅಕ್ಕೋರೆ, ಫಿಟ್ಸ್ ಬೇಕಾದ್ರ ಇರ್ಲಿ, ದನಿ ತಗೀಬ್ಯಾಡ್ರಿ ಅಂತ ಬರೀರಿ."

ಬರೆದೆ.

ಮೂರು ತಿಂಗಳ ಮೇಲೆ ಬಂದರು, ಟೋಪಿಯಡಿ ಹೊಲಿಗೆಯ ಗುರುತು. ಶಿರಸಿ ಸ್ಟ್ಯಾಂಡಿನಲ್ಲೇ ಕಥೆ ಶುರು. ಎಚ್ಚರವಿಟ್ಟೇ ತಲೆ ತೆರೆದಿದ್ದರಂತೆ; ಮಿದುಳಿಗೆ ನೋವು ಗೊತ್ತಾಗುವುದಿಲ್ಲವಂತೆ. ಡಾಕ್ಟರು ಸಣ್ಣ ಕರೆಂಟಿನ ತಂತಿ ಅಲ್ಲಲ್ಲಿ ಮುಟ್ಟಿಸುವಾಗ ಇವರು ಮಾತಾಡುತ್ತಲೇ ಇರಬೇಕು. ಮಾತು ನಿಂತಲ್ಲಿ ಕತ್ತರಿ ಹಾಕುವಂತಿಲ್ಲ. ಇವರಿಗೆ ಬಾಯಿಪಾಠವಿದ್ದದ್ದು ಒಂದೇ, ಬಸ್ಸಿನ ದಾರಿಯ ಊರುಗಳ ಹೆಸರು. ಶಿರಸಿ, ಭೈರುಂಬೆ… ಅಷ್ಟಕ್ಕೆ ಬಾಯಿ ಕಟ್ಟಿತು. ಮುಂದಿನ ಊರು ಕಣ್ಣಿಗೆ ಕಟ್ಟಿದೆ, ಹೆಸರು ಹೊರಡದು. ತಂತಿ ತೆಗೆದದ್ದೇ ಬಾಯಿ ಬಿಟ್ಟಿತು. ಡಾಕ್ಟರು ಆ ಜಾಗಕ್ಕೆ ನಂಬರ್ ಚೀಟಿ ಇಟ್ಟು, ಅದನ್ನು ಕಾಪಾಡಿ, ಗಂಟು ತೆಗೆದರಂತೆ.

"ಇಷ್ಟು ವರ್ಷ ಮಂದಿಗೆ ನಾ ಟಿಕೆಟ್ ಕೊಟ್ಟೆ. ಅಲ್ಲಿ ನನಗ ಕೊಟ್ರು ನೋಡ್ರಿ," ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಆದರೆ ಹೇಳಿದ್ದೆಲ್ಲ ಮೆಲುದನಿಯಲ್ಲಿ. ಆಪರೇಷನ್ ಆದಮೇಲೆ ಒಮ್ಮೆಯೂ ಕೂಗಿ ನೋಡಿರಲಿಲ್ಲ, ಹೆದರಿಕೆ. ಭೈರುಂಬೆಯಲ್ಲಿ ಕೈಸನ್ನೆ ಮಾಡಿ ಜನರನ್ನು ಇಳಿಸಿದರು. ನಮ್ಮೆಲ್ಲರ ನಗು ಉಡುಗಿಹೋಯಿತು. ಮುಂದಿನ ಊರು ಹತ್ತಿರವಾದಾಗ ಬಾಗಿಲಲ್ಲಿ ನಿಂತು ಕಂಬಿ ಹಿಡಿದು ಹೊರಕ್ಕೆ ಬಾಗಿದರು.

"ಮಂಚಿಕೇರೀ…"

ಅದೇ ದನಿ, ಒಂದೆಳೆ ಕಡಿಮೆಯಿಲ್ಲ. ಡ್ರೈವರ್ ಸುಮ್ಮಸುಮ್ಮನೆ ಹಾರ್ನ್ ಒತ್ತಿದ. ನಾನು ಅಳುತ್ತ ನಗುತ್ತ ಕೂತೇ ಇದ್ದೆ. ಬಸ್ಸು ಹೊರಟುಹೋಗಿತ್ತು.

"ಹೋತಲೇ ತಂಗೀ, ನೀ ಇಳಿಯ ಊರು," ಎಂದರು ಪಕ್ಕದ ಅಜ್ಜಿ.

ಆ ದಿನ ಎರಡು ಮೈಲಿ ಹಿಂದಕ್ಕೆ ನಡೆದೆ. ಅಷ್ಟು ಖುಷಿಯಿಂದ ಶಾಲೆಗೆ ತಡವಾಗಿ ಹೋದದ್ದು ಅದೊಂದೇ ಸಲ.

ಸಾಹೇಬರು ತೀರಿಕೊಂಡು ಬಹಳ ವರ್ಷವಾಯಿತು. ಎಷ್ಟು ನೆನೆದರೂ ಮುಖ ಈಗ ಸರಿಯಾಗಿ ಮೂಡುವುದಿಲ್ಲ… ಅದು ಬೇಸರವೇ. ಈಗಿನ ಕಂಡಕ್ಟರು ಬರೀ ಸೀಟಿ ಊದುತ್ತಾರೆ. ಮಂಚಿಕೇರಿ ಬಂದಾಗ ನಾನೇ ಆ ಹೆಸರನ್ನು ಬಾಯಿಬಿಟ್ಟು ಹೇಳಿ ಇಳಿಯುತ್ತೇನೆ.