ಹಲ್ಲು ಕಿರಿದ ನಾವಿಕ

ಕೊರೊನಾ ನಿರ್ಬಂಧಗಳು ಪೂರ್ತಿ ತೆರವಾದ ವರ್ಷ ನಾನು ಮಸ್ಕತ್‌ನ ಅಲ್ ಖುವೈರ್‌ನಲ್ಲಿದ್ದ ಒಂದು ಖಾಸಗಿ ಸ್ಟುಡಿಯೋದಲ್ಲಿ ಹಿರಿಯ ಕನ್ಸರ್ವೇಟರ್ ಆಗಿದ್ದೆ. ಹಳೆಯ ಚಿತ್ರಗಳ ಕೊಳೆ ತೆಗೆಯುವುದು, ಉದುರುವ ಬಣ್ಣವನ್ನು ಹಿಡಿದು ನಿಲ್ಲಿಸುವುದು, ಚಿತ್ರ ಅಸಲಿಯೇ ಎಂದು ವರದಿ ಬರೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ಕಲಿತದ್ದು. ಯಾವ ಚಿತ್ರ ಬಂದರೂ ಮೊದಲು ಅನುಮಾನಿಸುವುದು ರೂಢಿಯಾಗಿತ್ತು.

ಆ ಚಿತ್ರ ತಂದವರು ನಾಸಿರ್. ಒಮ್ಮೆ ಒಮಾನ್ ಆಳುತ್ತಿದ್ದ ಆಫ್ರಿಕಾದ ದ್ವೀಪ ಜಾಂಜಿಬಾರಿನಿಂದ ಮರಳಿ ಬಂದ ಒಮಾನಿ ಮನೆತನದವರು. 1840ರಲ್ಲಿ ಇಲ್ಲಿನ ಸುಲ್ತಾನರ ಹಡಗೊಂದು ನ್ಯೂಯಾರ್ಕಿಗೆ ಹೋಗಿತ್ತು. ಅದರ ನಾವಿಕನೊಬ್ಬನನ್ನು ಅಲ್ಲಿಯ ಕಲಾವಿದ ಬರೆದ ಚಿತ್ರ ಇದು ಎಂದು ಹೇಳಿ ಅಮೆರಿಕದ ವ್ಯಾಪಾರಿಯೊಬ್ಬ ಅವರಿಗೆ ಮಾರಿದ್ದ. ಮನೆಯ ಮಜ್ಲಿಸ್‌ನಲ್ಲಿ, ಅತಿಥಿಗಳು ಕೂರುವ ಕೋಣೆಯಲ್ಲಿ, ಅದನ್ನು ತೂಗುಹಾಕುವ ಆಸೆ ಅವರದು.

ಮುಂಡಾಸು, ಶಾಲು, ಸೊಂಟದ ಪಟ್ಟಿ ಎಲ್ಲವನ್ನೂ ಕಲಾವಿದ ಎದುರಿಗೆ ಕೂರಿಸಿಕೊಂಡೇ ಬರೆದಂತಿತ್ತು. ಮುಖ ಮಾತ್ರ ಬೇರೆ ಕೈಯದು. ಇದ್ದಿಲಿನಂಥ ಕಪ್ಪು, ಹೊರಬಿದ್ದ ಕಣ್ಣು, ಕೆಂಪಗೆ ಉಬ್ಬಿದ ತುಟಿ, ಕಿವಿಯಿಂದ ಕಿವಿಗೆ ಹಲ್ಲು. ಕೈಯಲ್ಲಿ ಕೆಂಪು ತಮಟೆ. ಆ ನಗು ನನಗೆ ಗೊತ್ತಿತ್ತು. ಆ ಕಾಲದ ಅಮೆರಿಕದಲ್ಲಿ ಬಿಳಿಯ ನಟರು ಮುಖಕ್ಕೆ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸಿ ಕುಣಿಯುತ್ತಿದ್ದರು. ಜನ ಮುಗಿಬಿದ್ದು ನೋಡುತ್ತಿದ್ದರು. ಅದೇ ಊರುಗಳಲ್ಲಿ, ಬಿಳಿಯರ ಚರ್ಚಿನಲ್ಲಿ ಸರಿಸಮಾನವಾಗಿ ಮಂಡಿಯೂರಲು ಬಿಡದ ಕಾರಣ, ಕಪ್ಪು ಜನರು ತಮ್ಮದೇ ಚರ್ಚು ಕಟ್ಟಿಕೊಂಡಿದ್ದರು. ಆ ಅಣಕದ ಆಟದ ಜಾಹೀರಾತಿನ ಮುಖ ಸುಲ್ತಾನರ ನಾವಿಕನ ಹೆಗಲ ಮೇಲೆ ಹೇಗೆ ಬಂತು?

ಈಚಿನ ಯಾರೋ ಮಾಡಿದ ಖೋಟಾ ಎಂದುಕೊಂಡೆ. ನಮ್ಮ ಮ್ಯಾನೇಜರ್ ಉಡುಪಿಯ ಸದಾನಂದ ಶೆಟ್ಟರು ಅವಸರಪಡಿಸಿದರು. “ಜಾಸ್ತಿ ಕೆದಕ್ಲಿಕ್ಕೆ ಹೋಗ್ಬೇಡಿ ಮೇಡಂ. ಹಳೇದು ಅಂತ ರಿಪೋರ್ಟ್ ಕೊಟ್ರೆ ಖಲಾಸ್.” ವ್ಯಾಪಾರಿಗೂ ಇವರಿಗೂ ಒಳಗೊಳಗೆ ಏನೋ ಇದೆಯೇ ಎಂದು ಅವರ ಫೋನ್ ಮಾತುಗಳಿಗೂ ಕಿವಿಗೊಡತೊಡಗಿದೆ. ಹಾಗೇನೂ ಇರಲಿಲ್ಲ, ಅವರ ಮೇಜಿನ ಮೇಲೆ ಬೇರೆ ಕೆಲಸ ರಾಶಿ ಬಿದ್ದಿತ್ತು, ಅಷ್ಟೆ. ನಾಸಿರ್ ಮೇಲೂ ಗುಮಾನಿ ಹುಟ್ಟಿತು. ಮುಖವನ್ನು ಮುಟ್ಟಬೇಡಿ ಎಂದು ಅವರು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನನ್ನ ಮೊದಲ ಊಹೆ ಬಿದ್ದುಹೋಯಿತು. ಮುಖದ ಕಪ್ಪು ಬಣ್ಣ ಅಡಿಯ ಬಣ್ಣದ ಬಿರುಕುಗಳೊಳಗೆ ಇಳಿದಿತ್ತು. ಅಂದರೆ ಅದನ್ನು ಆಮೇಲೆ ಬಳಿದದ್ದು. ಆದರೆ ಅದರ ಮೇಲೂ ಹಳೆಯ ವಾರ್ನಿಶ್, ಹಳೆಯ ದೀಪದ ಹೊಗೆ ಕೂತಿತ್ತು, ಹಾಗಾಗಿ ಅದೂ ಈಚಿನದಲ್ಲ. ಅಂಥ ಅಣಕದ ಆಟದ ಯಾವುದೋ ಮಂಡಳಿ ಒಳ್ಳೆಯ ಭಾವಚಿತ್ರವೊಂದನ್ನು ಬಾಗಿಲ ಬೋರ್ಡು ಮಾಡಿಕೊಂಡಿತ್ತೆಂದು ತೋರಿತು. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ತಮಟೆಯ ಅಡಿ ಮಣಿಗಳ ಸಾಲು ಕಂಡಿತು, ಜಪಮಾಲೆ. ಮುಖದ ಅಡಿ ಏನೂ ಕಾಣಲಿಲ್ಲ. ಮಸಿ ಬೆರೆತ ಕಪ್ಪನ್ನು ಆ ಕ್ಯಾಮೆರಾ ದಾಟಲಾರದು.

ನಾಸಿರ್ ಅವರನ್ನು ಕರೆಸಿ ತೋರಿಸಿದೆ. ಮುಖ ಮುಟ್ಟಬೇಡಿ ಎಂದದ್ದೇಕೆ ಎಂದು ನೇರವಾಗಿ ಕೇಳಿದೆ. ಅವರು ಚಿತ್ರದ ಮುಖದತ್ತ ಕೈ ತೋರಿಸಿದರು.

“ಒಳಗೆ ಬಿಳಿಯನೊಬ್ಬ ಇದ್ದರೆ, ಮೇಡಂ? ನಮ್ಮ ಬಟ್ಟೆಯ ವೇಷ ಹಾಕಿದ ನಟ?”

ಜಪಮಾಲೆ ಇದೆಯಲ್ಲ ಎಂದೆ. ಜಪಮಾಲೆಯೂ ವೇಷದ ಭಾಗವಾಗಿರಬಹುದು ಎಂದರು. ಹೀಗೇ ಬಿಟ್ಟರೆ ಆ ನಗುವನ್ನೇ ಮನೆಯಲ್ಲಿ ತೂಗುಹಾಕಬೇಕಾಗುತ್ತದೆ ಎಂದಷ್ಟೇ ಹೇಳಿದೆ. ಅವರು ಕಿಟಕಿಯ ಬಳಿ ಹೋಗಿ ನಿಂತು, ಹೆದ್ದಾರಿಯ ಕಡೆ ನೋಡುತ್ತ, “ತೆಗೆಯಿರಿ” ಎಂದರು.

ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಕೆನ್ನೆಯ ಅಂಚಿನಲ್ಲಿ ಶುರುಮಾಡಿದೆ. ದಿನಗಟ್ಟಲೆ ಹಿಡಿಯಿತು. ಹತ್ತಿ ಕಪ್ಪಾದಂತೆಲ್ಲ ಅಡಿಯಿಂದ ಬಿಳಿ ಬಂದೀತೆಂದು ಮತ್ತೆ ಮತ್ತೆ ನಿಲ್ಲಿಸಿ ನೋಡುತ್ತಿದ್ದೆ. ಬಂದದ್ದು ಬೆಚ್ಚನೆಯ ಕಂದು. ಮುಚ್ಚಿದ ತುಟಿ. ಕಿರಿದಾದ ಕಣ್ಣು. ಎದುರಿಗೆ ಕುಂಚ ಹಿಡಿದವನನ್ನು ಆತ ಅಷ್ಟಾಗಿ ನಂಬಿದಂತಿರಲಿಲ್ಲ.

ನಾಸಿರ್ ಬಂದು ನೋಡಿದರು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ನಮ್ಮ ಹಡಗಿನವನೇ ಎಂದು ಬರೆದುಕೊಡಬಹುದೇ ಎಂದು ಮೆಲ್ಲಗೆ ಕೇಳಿದರು. ಬರೆಯಬೇಕೆಂದು ನನಗೂ ಆಸೆಯಾಯಿತು. ಆದರೆ ಪುರಾವೆ ಇರಲಿಲ್ಲ. ‘ಒಮಾನಿ ಉಡುಪಿನ ವ್ಯಕ್ತಿ, ಹೆಸರು ತಿಳಿದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅವರು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, ಚಿತ್ರವನ್ನು ತಾವೇ ಎತ್ತಿಕೊಂಡು ಹೋದರು.

ಈ ಕಸುಬಿನಲ್ಲಿ ಅನುಮಾನವಿಲ್ಲದೆ ಒಂದು ದಿನವೂ ನಡೆಯದು. ಆದರೆ ಯಾವುದರ ಮೇಲೆ ಎಂಬುದನ್ನು ನಾನು ಆ ಕೆಲಸದಲ್ಲಿ ಕಲಿತೆ. ಮಾರುವವನ ಕಥೆಯನ್ನು ಅನುಮಾನಿಸಬೇಕು, ಬಳಿದ ಬಣ್ಣವನ್ನು ಅನುಮಾನಿಸಬೇಕು, ನನಗೇ ಇಷ್ಟವಾಗುವ ಉತ್ತರವನ್ನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕು. ಮುಂದಿನ ಈದ್‌ಗೆ ನಾಸಿರ್ ಮನೆಗೆ ಕರೆದರು. ಅತಿಥಿಯೊಬ್ಬರು ಗೋಡೆಯತ್ತ ಕೈ ತೋರಿಸಿ ಯಾರಿವರು ಎಂದು ಕೇಳಿದಾಗ, ನಾಸಿರ್ ಕಾಫಿ ಬಗ್ಗಿಸುತ್ತ, “ಹೆಸರು ಗೊತ್ತಿಲ್ಲ. ಆದರೆ ಮುಖ ಇವರ ಸ್ವಂತದ್ದೇ” ಎಂದರು.