ಹೊಟ್ಟು ಹಾರಿದ ದಿಕ್ಕು

ಉಪಗ್ರಹ ತೆಗೆದ ಚಿತ್ರ ನೋಡಿ ಯಾವ ಜಿಲ್ಲೆಯಲ್ಲಿ ಎಷ್ಟು ರಾಗಿ, ಎಷ್ಟು ಭತ್ತ ಬೆಳೆದಿದೆ ಎಂದು ಹೇಳುವುದು ನನ್ನ ನೌಕರಿಯಾಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಧಾರಾವಾಹಿ ನೋಡುವುದು ನನ್ನಿಂದಾಗಲಿಲ್ಲ. ಕತ್ರಿಗುಪ್ಪೆಯಿಂದ ಬಸ್ಸು ಹಿಡಿದು ಪುಟ್ಟೇನಹಳ್ಳಿ ಕೆರೆಯ ಹತ್ತಿರ ಬೇಕರಿಯೊಂದರ ಮೇಲಿನ ಎರಡು ಕೋಣೆಯ ಕಚೇರಿಗೆ ಹೋಗತೊಡಗಿದೆ. ಸಂಬಳವಿಲ್ಲದ ಕೆಲಸ. ಈಗ ಹೇಳುವ ಸಂಗತಿ ಅಲ್ಲಿ ನಡೆದದ್ದು, ಸುಡಾನಿನ ಯುದ್ಧ ಶುರುವಾದ ಮೇಲಿನ ಒಂದು ಚಳಿಗಾಲದಲ್ಲಿ.

ಆ ಪುಟ್ಟ ಸಂಸ್ಥೆಯನ್ನು ಕಟ್ಟಿದವನು ನಿಖಿಲ್. ಜಯನಗರದ ಹುಡುಗ, ಕಂಪ್ಯೂಟರಿನಲ್ಲಿ ಬಲು ಚುರುಕು, ತಾಳ್ಮೆಯಲ್ಲಿ ಅಷ್ಟೇ ಬಡವ. ಸುಡಾನಿನ ಪಶ್ಚಿಮ ಭಾಗದಲ್ಲಿರುವ ದಾರ್ಫುರ್ ಸೀಮೆಯಲ್ಲಿ ಒಂದು ಜನಾಂಗದವರ ಹಳ್ಳಿಗಳನ್ನು ಹುಡುಕಿ ಹುಡುಕಿ ಸುಡುತ್ತಿದ್ದರು. ಪತ್ರಕರ್ತರು ಕಾಲಿಡಲಾಗದ ಆ ಜಾಗಗಳ ಚಿತ್ರಗಳನ್ನು ನಾವು ಓದಿ, ಯಾವ ಹಳ್ಳಿ ಯಾವ ವಾರದಲ್ಲಿ ಸುಟ್ಟಿತು ಎಂದು ವರದಿ ಬರೆಯುತ್ತಿದ್ದೆವು. ಆ ವರದಿ ನರಮೇಧದ ಸಾಕ್ಷ್ಯ ಕೂಡಿಸುತ್ತಿದ್ದ ವಕೀಲರಿಗೆ ಹೋಗುತ್ತಿತ್ತು, ಆಹಾರ ಸಾಗಿಸುತ್ತಿದ್ದ ಒಂದು ನೆರವು ಸಂಸ್ಥೆಗೂ ಹೋಗುತ್ತಿತ್ತು. ಕೊಂದವರನ್ನು ಕಟಕಟೆಗೆ ತರಬೇಕು, ಉಳಿದವರಿಗೆ ಊಟ ಮುಟ್ಟಬೇಕು. ಇಷ್ಟೇ ನಮ್ಮ ಹಂಬಲ.

ನಮ್ಮ ಜೊತೆ ಅಮೀನಾ ಎಂಬ ಹುಡುಗಿ ಇದ್ದಳು. ಓದಲೆಂದು ಬೆಂಗಳೂರಿಗೆ ಬಂದವಳು ಯುದ್ಧದಿಂದಾಗಿ ವಾಪಸು ಹೋಗಲಾಗದೆ ಬಿ.ಟಿ.ಎಂ. ಲೇಔಟಿನ ಒಂದು ಪಿ.ಜಿ.ಯಲ್ಲಿ ಉಳಿದಿದ್ದಳು. ಅಲ್ಲಿ ಅಡುಗೆ ಮಾಡುವ ಹೆಂಗಸಿನಿಂದ ಕಲಿತ ಕನ್ನಡ ಅವಳದು. ವ್ಯಾಕರಣ ಹಾಗಿರಲಿ, ಧಾಟಿ ಮಾತ್ರ ಪಕ್ಕಾ ನಮ್ಮದೇ. ಅವಳ ಹಳ್ಳಿಯೂ ಆ ಸೀಮೆಯದೇ. ಮಳೆಗಾಲಕ್ಕೆ ಮುಂಚೆ ಅದನ್ನು ಸುಟ್ಟಿದ್ದರು. ಅಂದಿನಿಂದ ತಾಯಿಯ ಸುದ್ದಿ ಇರಲಿಲ್ಲ. ಅವಳು ಆ ಮಾತೆತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ನೆರವು ಸಂಸ್ಥೆಯಿಂದ ಒಂದು ಪ್ರಶ್ನೆ ಬಂತು. ಅಮೀನಾಳ ಹಳ್ಳಿಯಿದ್ದ ಕಣಿವೆಯಲ್ಲಿ ಜನ ಉಳಿದಿದ್ದಾರೆಯೇ? ಉಳಿದಿದ್ದರೆ ಧಾನ್ಯವನ್ನೂ ಔಷಧಿಯನ್ನೂ ಅತ್ತ ಕಳಿಸುತ್ತೇವೆ, ಇಲ್ಲವಾದರೆ ಬೇರೆ ಕಡೆಗೆ. ಅವರ ಬಳಿ ಇದ್ದದ್ದೇ ಕಡಿಮೆ, ಖಾಲಿ ಜಾಗಕ್ಕೆ ಕಳಿಸುವಂತಿರಲಿಲ್ಲ. ವಾರದೊಳಗೆ ಉತ್ತರ ಬೇಕಿತ್ತು.

ನಮ್ಮಲ್ಲಿ ಚೇಂಜ್ ಡಿಟೆಕ್ಷನ್ ಎಂಬ ಸಾಫ್ಟ್‌ವೇರ್ ಇತ್ತು. ಒಂದೇ ಜಾಗದ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಒಂದರ ಮೇಲೊಂದಿಟ್ಟು ಬದಲಾದದ್ದನ್ನು ಅದು ಗುರುತು ಮಾಡುತ್ತದೆ. ಆ ಸೀಮೆಯ ಗುಡಿಸಲುಗಳು ದುಂಡಗಿರುತ್ತವೆ. ಹುಲ್ಲಿನ ಮಾಡು ಸುಟ್ಟು ಹೋದರೆ ಮೇಲಿನಿಂದ ಬರೀ ದುಂಡನೆಯ ಗುರುತು ಕಾಣುತ್ತದೆ. ಆದ್ದರಿಂದ ಹೊಸ ದುಂಡು ಕಂಡಲ್ಲೆಲ್ಲ ಸುಟ್ಟ ಮನೆ ಎಂದು ಎಣಿಸಲು ನಿಖಿಲ್ ಅದಕ್ಕೆ ಕಲಿಸಿದ್ದ. ಈ ಸಲ ಅದು ಹಳ್ಳಿಯಾಚೆಗೂ ಕಣಿವೆಯ ಉದ್ದಕ್ಕೂ ಕೆಂಪು ಗುರುತು ಹಾಕಿತು. ಉಳಿದಿದ್ದ ಒಂಟಿ ಗುಡಿಸಲುಗಳನ್ನೂ ಸುಟ್ಟಿದ್ದಾರೆ, ಕಣಿವೆ ಪೂರ್ತಿ ಬರಿದು ಎಂದು ನಿಖಿಲ್ ವರದಿ ಬರೆದ. ಅಮೀನಾ ಅದನ್ನು ಓದಿ ಕೆಳಗೆ ಬೇಕರಿಗೆ ಇಳಿದು ಹೋದಳು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ.

ಯಂತ್ರ ಹಾಕಿದ ಗುರುತನ್ನು ಮೊದಲು ಅಳಿಸಿ ಬರೀ ಚಿತ್ರ ನೋಡುವುದು ನನ್ನ ಹಳೆಯ ಚಟ. ಇದಕ್ಕೆ ನಿಖಿಲ್ ನನ್ನನ್ನು ಗೇಲಿ ಮಾಡುವುದೂ ಉಂಟು. ಅವತ್ತೂ ಅಳಿಸಿ ನೋಡಿದೆ. ಗುಡಿಸಲು ಸುಟ್ಟರೆ ಗೋಡೆ ಬಳೆಯಂತೆ ಉಳಿದು ನಡುವೆ ಬೂದಿ ಕಪ್ಪಗಿರಬೇಕು. ಇವು ಹಾಗಿರಲಿಲ್ಲ. ನಡುವಿನ ತನಕ ತಿಳಿಯಾಗಿ ಬೆಳ್ಳಗೆ ಸಾರಿಸಿದ ಹಾಗಿದ್ದವು. ಒಂದೊಂದರ ಪಕ್ಕದಲ್ಲೂ ಬೀಸಣಿಗೆ ಬಿಡಿಸಿಟ್ಟಂತೆ ತೆಳ್ಳನೆಯ ಹಳದಿ ಚಾಚಿಕೊಂಡಿತ್ತು, ಎಲ್ಲದರದೂ ನೈಋತ್ಯಕ್ಕೆ. ಆ ತಿಂಗಳಲ್ಲಿ ಅಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ.

ಈ ಆಕಾರ ನನಗೆ ಗೊತ್ತಿತ್ತು. ನಾನು ಹುಟ್ಟಿದ್ದು ವಸಂತಪುರದಲ್ಲಿ, ಅದು ಇನ್ನೂ ರಾಗಿ ಹೊಲವಾಗಿದ್ದಾಗ. ಸುಗ್ಗಿಯಲ್ಲಿ ಹೊಲದ ಮೂಲೆ ಕೆತ್ತಿ, ನೀರು ಚೆಲ್ಲಿ, ಸಗಣಿ ಬಗ್ಗಡ ಸಾರಿಸಿ ಕಣ ಮಾಡುತ್ತಿದ್ದೆವು. ಅವ್ವ ಮೊರ ಎತ್ತಿ ರಾಗಿ ತೂರಿದರೆ ಕಾಳು ಕಾಲ ಬುಡಕ್ಕೆ ಬೀಳುತ್ತಿತ್ತು, ಹೊಟ್ಟು ಗಾಳಿಯ ಜೊತೆ ಹೋಗಿ ಇದೇ ಆಕಾರದಲ್ಲಿ ಹರಡುತ್ತಿತ್ತು. ಆ ಕಣದ ಜಾಗದಲ್ಲಿ ಈಗ ನಾವು ಬಾಡಿಗೆಗೆ ಕೊಟ್ಟ ಜಿಮ್ ಇದೆ, ಆ ಮಾತು ಬೇರೆ. ಬೆಂಕಿ ಹೊಟ್ಟು ತೂರುವುದಿಲ್ಲ. ಯಾರೋ ನಿಂತು, ಗಾಳಿ ನೋಡಿ, ಕೈ ಎತ್ತಿ ತೂರಿದ್ದಾರೆ.

ನಿಖಿಲ್ ಒಪ್ಪಲಿಲ್ಲ. ಸುಟ್ಟವರೇ ಬೆಳೆ ಕುಯ್ದುಕೊಂಡು ಹೋಗಿರಬಹುದಲ್ಲ ಎಂದ. ನ್ಯಾಯವಾದ ಪ್ರಶ್ನೆ. ಬೇಕರಿಯಿಂದ ಅಮೀನಾಳನ್ನು ಕರೆಸಿ ಅವಳ ಊರಿನ ಒಕ್ಕಣೆಯ ಬಗ್ಗೆ ಕೇಳಿದೆ. ಊರ ಬಾಗಿಲಲ್ಲೇ ಒಂದು ದೊಡ್ಡ ಕಣ, ಎಲ್ಲ ಮನೆಯವರೂ ಸರದಿಯ ಮೇಲೆ ಅಲ್ಲೇ ಸಜ್ಜೆ ಬಡಿಯುವುದು, ಹೆಂಗಸರು ಹಾಡುವುದು ಎಂದು ಹೇಳಿದಳು. ಹಳೆಯ ಚಿತ್ರದಲ್ಲಿ ಆ ದೊಡ್ಡ ಕಣ ಸ್ಪಷ್ಟವಾಗಿತ್ತು. ಈ ವರ್ಷ ಅದರ ಮೇಲೆ ಹುಲ್ಲು ಬೆಳೆದಿತ್ತು. ಹೊಸ ಕಣಗಳೆಲ್ಲ ಚಿಕ್ಕವು, ಜಾಲಿ ಮರಗಳ ಮರೆಯಲ್ಲಿದ್ದವು. ಲಾರಿ ಬಂದ ಗಾಲಿ ಗುರುತು ಎಲ್ಲೂ ಇರಲಿಲ್ಲ. ಸಣ್ಣ ಕಾಲುದಾರಿಗಳು ರಸ್ತೆಯ ಕಡೆಗೆ ಹೋಗದೆ ಗುಡ್ಡದ ಸಂದಿಗೆ ಹೋಗುತ್ತಿದ್ದವು. ಕಳ್ಳನಿಗೆ ಇಷ್ಟು ಅವಿತುಕೊಳ್ಳುವ ದರ್ದಿಲ್ಲ. ಇದು ಹೆದರಿದ ಹೊಲದೊಡೆಯರ ಕೆಲಸ ಎಂದೆ.

ಅಮೀನಾ ಪರದೆಯ ಮೇಲಿನ ಒಂದು ಹಳದಿ ಬೀಸಣಿಗೆಯ ಮೇಲೆ ಬೆರಳಿಟ್ಟಳು.

"ಆಂಟಿ, ಇಲ್ಲಿ ಅಮ್ಮ ಇದಾರಾ?"

"ಅಮ್ಮ ಅಂತ ಹೇಳಕ್ಕಾಗಲ್ಲ ಕಣಮ್ಮ. ಯಾರೋ ಇದಾರೆ. ಬದುಕಿದಾರೆ, ಊಟಕ್ಕೆ ಮಾಡ್ಕೊಳ್ತಿದಾರೆ."

ಅವಳು ಅತ್ತಳು. ನಾನೂ ಅತ್ತೆ. ನಿಖಿಲ್ ವರದಿಯನ್ನು ಅಳಿಸಿ, ಆ ದುಂಡುಗಳನ್ನು ಸುಟ್ಟ ಮನೆಗಳ ಲೆಕ್ಕದಿಂದ ತೆಗೆದ. ಅದೂ ಒಳ್ಳೆಯದೇ ಆಯಿತು. ಒಂದು ತಪ್ಪು ಗುರುತು ಸಿಕ್ಕರೆ ಸಾಕು, ಸುಟ್ಟವರ ಪರ ವಕೀಲ ಅದನ್ನೇ ಹಿಡಿದುಕೊಂಡು ಮಿಕ್ಕಿದ್ದೆಲ್ಲ ಸುಳ್ಳೆನ್ನುತ್ತಾನೆ.

ನಿಜವಾದ ಜಗಳ ಆಮೇಲೆ ನಡೆಯಿತು. ನಿಖಿಲನಿಗೆ ಈಗ ಉತ್ಸಾಹ ಉಕ್ಕಿತ್ತು. ಚಿತ್ರಗಳನ್ನು ಪತ್ರಿಕೆಗಳಿಗೆ ಕೊಡೋಣ, ಜಗತ್ತು ನೋಡಲಿ, ಒತ್ತಡ ಬಂದರೆ ನೆರವು ತಾನಾಗಿ ಹೋಗುತ್ತದೆ ಎಂದು ವಾದಿಸಿದ. ಕೆಲಸದ ಉದ್ದಕ್ಕೂ ಕಂಡದ್ದನ್ನು ಪ್ರಕಟಿಸುವುದೇ ಧರ್ಮ ಎಂದು ನಂಬಿ ಬಂದ ನನಗೂ ಅದು ಸರಿಯೆಂದೇ ತೋರಿತು. ಅಮೀನಾ ಕಣ್ಣೊರೆಸಿಕೊಂಡು ಇಬ್ಬರನ್ನೂ ತಡೆದಳು.

"ಪೇಪರ್‌ಗೆ ಬೇಡ ನಿಖಿಲ್. ಸುಟ್ಟವರೂ ಪೇಪರ್ ಓದ್ತಾರೆ."

ಜನ ಬದುಕಿದ್ದಾರೆ ಎಂದು ಸಾರಿದರೆ ಅವರು ಎಲ್ಲಿ ಅಡಗಿದ್ದಾರೆ ಎಂದೂ ಸಾರಿದಂತೆಯೇ. ನಿಖಿಲ್ ಕೊನೆಗೆ ತಲೆಯಾಡಿಸಿದ. ಇಡೀ ಸಂಸ್ಥೆಯ ಹೆಸರು ಮೇಲೆ ಬರಬಹುದಾಗಿದ್ದ ಸುದ್ದಿಯನ್ನು ಅವನು ನುಂಗಿಕೊಂಡ. ಆ ಹುಡುಗನ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚಿತು. ನೆರವು ಸಂಸ್ಥೆಯಲ್ಲಿ ನಾವು ನಂಬಿದ್ದ ಒಬ್ಬರೇ ಅಧಿಕಾರಿಗೆ ವೀಡಿಯೋ ಕರೆಯಲ್ಲಿ ಚಿತ್ರ ತೋರಿಸಿದೆವು. ಕಾಗದದ ಮೇಲೆ ಏನನ್ನೂ ಇಡಲಿಲ್ಲ. ಆಕೆ ಎಲ್ಲ ಕೇಳಿಸಿಕೊಂಡು, ಲಾರಿ ಬೇಡ, ಲಾರಿ ಹೋದರೆ ಎಲ್ಲರ ಕಣ್ಣಿಗೆ ಬೀಳುತ್ತದೆ ಎಂದರು. ಆ ಸೀಮೆಯ ಸ್ವಯಂಸೇವಕರು ಸಂತೆಗೆ ಹೋಗುವವರ ಹಾಗೆ ಕತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಾರೆ, ಸ್ವಲ್ಪ ಸ್ವಲ್ಪವೇ.

ಆಮೇಲೆ ಕಾಯುವುದು. ನಾನು ಆ ಕಣಿವೆಯ ಹೊಸ ಚಿತ್ರ ಬಂದಾಗಲೆಲ್ಲ ತೆರೆದು ಸುಟ್ಟ ಗುರುತು ಹುಡುಕುತ್ತಿದ್ದೆ. ಕಪ್ಪು ಕಾಣದಿದ್ದರೆ ಬೇಕರಿಯಿಂದ ಎಲ್ಲರಿಗೂ ಬನ್ ತರಿಸುತ್ತಿದ್ದೆ. ಅಮೀನಾ ಪರದೆಯ ಹತ್ತಿರ ಬರುತ್ತಲೇ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳ ಫೋನಿಗೆ ಧ್ವನಿ ಸಂದೇಶ ಬಂತು. ಸ್ವಯಂಸೇವಕರಲ್ಲೊಬ್ಬ ಕಣಿವೆಯಲ್ಲಿ ಮುದ್ರಿಸಿಕೊಂಡು, ಸಿಗ್ನಲ್ ಇರುವ ಊರಿಗೆ ಬಂದು, ಅಲ್ಲಿಯವರು ಕೊಟ್ಟ ನಂಬರಿಗೆ ಕಳಿಸಿದ್ದ. ಹೆಂಗಸಿನ ದನಿ, ಒಂದೇ ಸಮನೆ ಬೈಯುತ್ತಿದ್ದಂತಿತ್ತು. ಅಮೀನಾ ಅಳುತ್ತ ನಗುತ್ತ ನಮಗೆ ಅರ್ಥ ಹೇಳಿದಳು. ನೀನು ಸರಿಯಾಗಿ ತಿನ್ನುತ್ತಿದ್ದೀಯೋ ಇಲ್ಲವೋ, ಓದು ಮುಗಿಯಿತೋ ಇಲ್ಲವೋ, ನಾವು ಇಲ್ಲಿರುವುದು ಈ ಹುಡುಗರಿಗೆ ಹೇಗೆ ತಿಳಿಯಿತು ಎಂದು ಅಮ್ಮ ಕೇಳುತ್ತಿದ್ದಾರೆ ಎಂದಳು. ಗುಡ್ಡದ ಸಂದಿಯಲ್ಲಿ ಅವರ ಊರಿನ ಬಹುಪಾಲು ಜನ ಇದ್ದರು.

ಆ ಕಣಿವೆಯಲ್ಲಿ ಜನ ಉಳಿದಿರುವ ವಿಷಯ ನಮ್ಮ ಯಾವ ವರದಿಯಲ್ಲೂ ಇಲ್ಲ. ಇಲ್ಲಿಯೂ ನಾನು ಹಳ್ಳಿಯ ಹೆಸರು ಬರೆದಿಲ್ಲ, ಹುಡುಗಿಯ ಹೆಸರನ್ನು ಬದಲಿಸಿದ್ದೇನೆ, ಗುರುತು ಸಿಗುವಂಥದ್ದನ್ನು ಅಲ್ಲಲ್ಲಿ ಬೇಕೆಂದೇ ತಿರುಚಿದ್ದೇನೆ. ಕಂಡದ್ದನ್ನು ಹೇಳುವುದಕ್ಕೆ ಸರ್ಕಾರ ನನಗೆ ಅಷ್ಟು ವರ್ಷ ಸಂಬಳ ಕೊಟ್ಟಿತು. ಕಂಡದ್ದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ಮಾತ್ರ ಸಂಬಳವಿಲ್ಲದ ಈ ಕೆಲಸವೇ ಕಲಿಸಿತು. ಸುಟ್ಟ ಹಳ್ಳಿಗಳ ವರದಿ ಈಗಲೂ ವಕೀಲರಿಗೆ ಹೋಗುತ್ತಿದೆ, ಅದು ನಿಲ್ಲುವುದಿಲ್ಲ. ಆದರೆ ಮರುವರ್ಷದ ಸುಗ್ಗಿಯ ಚಿತ್ರ ಬಂದಾಗ ಅಮೀನಾ ತಾನಾಗಿ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. ಊರ ಬಾಗಿಲಿನ ದೊಡ್ಡ ಕಣದ ಹುಲ್ಲನ್ನು ಯಾರೋ ಕೆತ್ತಿ ತೆಗೆದಿದ್ದರು.